ಗುಳೆಯ ಹಾಡಿಗೆ ದೃಶ್ಯ ಕಟ್ಟುವುದು ಹೇಗೆ? ಯಾವ ಸಿನಿಮಾ, ಯಾವ ವಿಡಿಯೊ ನೋಡಬೇಕು?

ಹಿರೇಹಳ್ಳ (ಕೊಪ್ಪಳ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಲ್ಲಿ ಪದವಿ ಓದುತ್ತಿರುವ ಪತ್ರಿಕೋದ್ಯಮದ ವಿದ್ಯಾರ್ಥಿನಿ. ಈ ಸೆಮಿಸ್ಟರಿನ ಪ್ರಾಯೋಗಿಕ ಕೆಲಸವಾಗಿ ನಮ್ಮ ನಾಲ್ವರ ತಂಡವು ಒಂದು ಹಾಡಿಗೆ ವಿಡಿಯೊ ಮಾಡಿ ಒಪ್ಪಿಸಬೇಕಾಗಿದೆ. ಹಾಡನ್ನು ತಂಡದ ಗೆಳೆಯನೇ ಬರೆದು, ತನ್ನ ಸೋದರಮಾವನ ಹಾರ್ಮೋನಿಯಂ ಮತ್ತು ಊರಿನ ಡೊಳ್ಳಿನ ಮೇಳದ ಜೊತೆ ಹಾಡಿ ಧ್ವನಿಮುದ್ರಿಸಿದ್ದಾನೆ. ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುವ ಒಂದು ಕುಟುಂಬ ಆ ಹಾಡಿನ ವಸ್ತು. ಅವಧಿ 4 ನಿಮಿಷ 10 ಸೆಕೆಂಡ್, ನಡೆ ನಿಮಿಷಕ್ಕೆ 100 ಪೆಟ್ಟು. ನಮ್ಮ ಬಳಿ ಇರುವುದು ಎರಡು ಮೊಬೈಲ್, ಎರವಲು ತಂದ ಒಂದು ಟ್ರೈಪಾಡ್ ಮತ್ತು ಸಂಕಲನ ಬಲ್ಲ ಒಬ್ಬ ಸ್ನೇಹಿತ.

ಸ್ಫೂರ್ತಿಗಾಗಿ ನಮ್ಮ ಭಾಗದ ಹುಡುಗರು ಮಾಡಿರುವ ಆಲ್ಬಂ ಹಾಡುಗಳನ್ನು ಸಾಲಾಗಿ ನೋಡಿದೆವು. ಹೆಚ್ಚಿನವುಗಳಲ್ಲಿ ಅಂಜನಾದ್ರಿಯ ಮೇಲೆ ಡ್ರೋನ್ ಹಾರುತ್ತದೆ, ಸಾಣಾಪುರದ ಕೆರೆಯ ಹತ್ತಿರ ನಾಯಕಿ ನಿಧಾನವಾಗಿ ತಿರುಗಿ ನೋಡುತ್ತಾಳೆ, ಕೊನೆಗೆ ಬಂಡೆಗಳ ನಡುವೆ ಸೂರ್ಯ ಮುಳುಗುತ್ತಾನೆ. ಚಿತ್ರಗಳು ಅಂದವಾಗಿಯೇ ಇವೆ. ಆದರೆ ಹಾಡು ಬದಲಾದರೂ ವಿಡಿಯೊ ಬದಲಾಗುವುದಿಲ್ಲ. ನಮ್ಮ ಹಾಡಿಗೆ ಹೊಂದುವಂಥದ್ದನ್ನು ಎಲ್ಲಿ ಹುಡುಕಬೇಕು? ಯಾವ ಸಿನಿಮಾಗಳನ್ನು, ಯಾವ ವಿಡಿಯೊಗಳನ್ನು ನೋಡಿದರೆ ದಾರಿ ತೋರಬಹುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಏಕಶಿಲೆ (ಬಳ್ಳಾರಿ) ಉತ್ತರಿಸಿದ್ದು:

‘ಹಾಡು ಬದಲಾದರೂ ವಿಡಿಯೊ ಬದಲಾಗುವುದಿಲ್ಲ’ ಎಂಬ ನಿಮ್ಮ ಮಾತಿನಲ್ಲಿಯೇ ಅರ್ಧ ಉತ್ತರವಿದೆ. ನಾನು ಮಾಧ್ಯಮ ವಿಷಯ ಬೋಧಿಸುವವನು. ವಿದ್ಯಾರ್ಥಿಗಳು ಪ್ರತಿ ವರ್ಷವೂ ಇದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ, ಮತ್ತು ಬಹುತೇಕರು ತಮ್ಮ ಹಾಡಿನಂತೆಯೇ ಕೇಳಿಸುವ ಹಾಡುಗಳ ವಿಡಿಯೊಗಳನ್ನು ಮಾತ್ರ ನೋಡಿರುತ್ತಾರೆ. ಹಾಗೆ ನೋಡಿದರೆ ಸಿಗುವುದು ಬಟ್ಟೆ, ಜಾಗ, ಬಣ್ಣಗಳಷ್ಟೇ. ನೋಡಬೇಕಾದದ್ದು, ಆ ವಿಡಿಯೊದಲ್ಲಿ ಹಾಡನ್ನೂ ಚಿತ್ರವನ್ನೂ ಕಟ್ಟಿಹಾಕಿರುವ ನಿಯಮ ಯಾವುದು ಎಂಬುದನ್ನು.

ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಫ್ರಾನ್ಸಿನ ನಿರ್ದೇಶಕ ಮಿಷೆಲ್ ಗೊಂದ್ರಿ ಮಾಡಿದವು. 1997ರಲ್ಲಿ ಡಾಫ್ಟ್ ಪಂಕ್ ತಂಡದ ‘ಅರೌಂಡ್ ದ ವರ್ಲ್ಡ್’ ಹಾಡಿಗೆ ಅವರು ಒಂದು ದುಂಡನೆಯ ವೇದಿಕೆ ಕಟ್ಟಿ, ಹಾಡಿನ ಒಂದೊಂದು ವಾದ್ಯಕ್ಕೆ ಒಂದೊಂದು ನರ್ತಕರ ಗುಂಪನ್ನು ಗೊತ್ತುಮಾಡಿದರು. ಬೇಸ್ ಗಿಟಾರಿಗೆ ಕ್ರೀಡಾಪಟುಗಳು, ಡ್ರಮ್ಮಿಗೆ ಮೈಗೆ ಬಟ್ಟೆ ಸುತ್ತಿದ ಈಜಿಪ್ಟಿನ ಮಮ್ಮಿಗಳು, ಗಿಟಾರಿಗೆ ಅಸ್ಥಿಪಂಜರಗಳು. ಯಾವ ವಾದ್ಯ ನುಡಿಯುತ್ತದೆಯೋ ಆ ಗುಂಪು ಕುಣಿಯುತ್ತದೆ. 2002ರಲ್ಲಿ ಕೆಮಿಕಲ್ ಬ್ರದರ್ಸ್ ತಂಡದ ‘ಸ್ಟಾರ್ ಗಿಟಾರ್’ ಹಾಡಿಗೆ ಅವರು ಮಾಡಿದ ವಿಡಿಯೊದಲ್ಲಿ ಮನುಷ್ಯರ ಕಥೆಯೇ ಇಲ್ಲ. ಓಡುವ ರೈಲಿನ ಕಿಟಕಿಯಿಂದ ಕಾಣುವ ಹೊರಗಿನ ನೋಟವಷ್ಟೇ ಇದೆ. ಆದರೆ ಕಂಬ, ಕಟ್ಟಡ, ಸೇತುವೆಗಳು ತಾಳದ ಪೆಟ್ಟಿಗೆ ಸರಿಯಾಗಿ ಬಂದು ಹೋಗುತ್ತವೆ. ಎರಡು ಮೂರು ಸಲ ನೋಡಿದ ಮೇಲಷ್ಟೇ ಅದು ಸಹಜ ನೋಟವಲ್ಲ, ಕಂಪ್ಯೂಟರಿನಲ್ಲಿ ಜೋಡಿಸಿದ ನೋಟ ಎಂಬುದು ಹೊಳೆಯುತ್ತದೆ.

ಆದ್ದರಿಂದ ಮೊದಲು ಧ್ವನಿಯನ್ನು ಮುಚ್ಚಿ ವಿಡಿಯೊ ನೋಡಿ. ಆಮೇಲೆ ಚಿತ್ರವನ್ನು ಮುಚ್ಚಿ ಹಾಡು ಕೇಳಿ. ಆ ಬಳಿಕ ‘ಈ ವಿಡಿಯೊದಲ್ಲಿ ಇಂಥದ್ದಾದಾಗ ಇಂಥದ್ದಾಗುತ್ತದೆ’ ಎಂಬ ಒಂದೇ ವಾಕ್ಯ ಬರೆಯಲು ಯತ್ನಿಸಿ. ವಾಕ್ಯ ಬರೆಯಲು ಬಂದರೆ ಆ ವಿಡಿಯೊದಿಂದ ಕಲಿಯಬಹುದಾದದ್ದೇನೋ ಇದೆ.

ಎಡದಂಡೆ (ಗಂಗಾವತಿ) ಬರೆದದ್ದು:

ಮೇಷ್ಟ್ರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳುತ್ತೇನೆ. ನಾನು ಮದುವೆ, ಜಾತ್ರೆ, ಆಲ್ಬಂ ಹಾಡುಗಳ ಚಿತ್ರೀಕರಣದಿಂದ ಬದುಕುವವನು. ಅಂಜನಾದ್ರಿಯ ಡ್ರೋನ್ ದೃಶ್ಯಗಳಲ್ಲಿ ಕೆಲವು ನನ್ನವೇ ಇರಬಹುದು. ಗಿರಾಕಿಗಳು ಕೇಳುತ್ತಾರೆ, ನಾವು ಕೊಡುತ್ತೇವೆ. ಕಲಿಯುವ ಹುಡುಗರಿಗೆ ನಿಯಮ ಹುಡುಕಿ ಎಂದರೆ ಅವರು ಕಾಗದದ ಮೇಲೆಯೇ ತಿಂಗಳು ಕಳೆಯುತ್ತಾರೆ. ನನ್ನ ಸಲಹೆಯೆಂದರೆ, ಇಷ್ಟವಾದ ಯಾವುದಾದರೂ ಹಾಡಿನ 20 ಸೆಕೆಂಡನ್ನು ಆರಿಸಿಕೊಂಡು, ಶಾಟಿಗೆ ಶಾಟ್ ಹಾಗೆಯೇ ಮೊಬೈಲಿನಲ್ಲಿ ನಕಲು ಮಾಡಿ ನೋಡಿ. ಯಾರಿಗೂ ತೋರಿಸಬೇಕಾಗಿಲ್ಲ, ಕೈ ಪಳಗಲು ಅಷ್ಟೇ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಬಂತು, ಕಟ್ ಪೆಟ್ಟಿಗೆ ಸರಿಯಾಗಿ ಬಿತ್ತೋ ಪೆಟ್ಟಿಗಿಂತ ಚೂರು ಮೊದಲೇ ಬಿತ್ತೋ ಎಂಬುದು ನಕಲು ಮಾಡುವಾಗ ಗೊತ್ತಾಗುವಷ್ಟು ಬರೀ ನೋಡುವಾಗ ಗೊತ್ತಾಗುವುದಿಲ್ಲ.

ಇನ್ನು ಕೆಲವು ಕೆಲಸದ ಮಾತು. ಮೊಬೈಲನ್ನು ಸೆಕೆಂಡಿಗೆ 25 ಫ್ರೇಮಿಗೆ, ಶಟರನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು, ಸೆಕೆಂಡಿನ 1/50ಕ್ಕೆ ನಿಲ್ಲಿಸಿಕೊಳ್ಳಿ. ಇವನ್ನು ನಾವೇ ಹೊಂದಿಸಿಕೊಳ್ಳಲು ಬಿಡುವ ಆ್ಯಪ್‌ಗಳು ಸಿಗುತ್ತವೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಇರುವುದರಿಂದ, ಹೀಗೆ ಮಾಡಿದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವುದಿಲ್ಲ. ನಿಮ್ಮ ಹಾಡಿನ ನಡೆ 100 ಎಂದಿರಿ. ಅದು ಅನುಕೂಲದ ಲೆಕ್ಕ. ಒಂದು ಪೆಟ್ಟಿಗೆ 0.6 ಸೆಕೆಂಡ್, ಅಂದರೆ ಸರಿಯಾಗಿ 15 ಫ್ರೇಮ್. ಸಂಕಲನ ಮಾಡುವ ಗೆಳೆಯನಿಗೆ ಈ ಅಂಕಿ ಬರೆದುಕೊಡಿ. ನಾಯಕ ನಿಧಾನವಾಗಿ ನಡೆಯುತ್ತಲೂ ತುಟಿ ಮಾತ್ರ ಹಾಡಿಗೆ ಸರಿಹೊಂದುತ್ತಲೂ ಇರಬೇಕೆಂದರೆ, ಹಾಡನ್ನು ದುಪ್ಪಟ್ಟು ವೇಗದಲ್ಲಿ ಸ್ಪೀಕರಿನಲ್ಲಿ ಹಾಕಿ, ಆತನೂ ಅದೇ ವೇಗಕ್ಕೆ ತುಟಿಯಾಡಿಸುವಾಗ 50 ಫ್ರೇಮಿನಲ್ಲಿ ಚಿತ್ರಿಸಿ, ಆಮೇಲೆ 25ಕ್ಕೆ ಇಳಿಸಿ. 1972ರ ‘ನಾಗರಹಾವು’ ಚಿತ್ರದಲ್ಲಿ ಚಿತ್ರದುರ್ಗದ ಕೋಟೆಯ ಕಲ್ಲುಗಳ ನಡುವೆ ಪುಟ್ಟಣ್ಣ ಕಣಗಾಲರು ನಿಧಾನಗತಿಯಲ್ಲಿ ತೆಗೆದ ‘ಬಾರೇ ಬಾರೇ’ ಹಾಡನ್ನು ಒಮ್ಮೆ ನೋಡಿ. ನಮ್ಮ ಕಡೆಯಂಥ ಬಂಡೆಗಳೇ ಅಲ್ಲಿಯೂ ಇವೆ. ಆದರೆ ಅವು ಬರೀ ಹಿನ್ನೆಲೆಯಾಗಿ ನಿಂತಿಲ್ಲ.

ತೊಗಲುಗೊಂಬೆ (ಬಳ್ಳಾರಿ) ಬರೆದದ್ದು:

ಮಾತು ಫ್ರಾನ್ಸಿನಿಂದಲೇ ಶುರುವಾದದ್ದು ಕಂಡು ಇಷ್ಟನ್ನು ಬರೆಯಬೇಕೆನಿಸಿತು. ಚಲಿಸುವ ಚಿತ್ರ ಮತ್ತು ಹಾಡನ್ನು ಒಂದು ಬಿಳಿಯ ಪರದೆಯ ಮೇಲೆ ಕೂಡಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಾಟವನ್ನು ಬಳ್ಳಾರಿಯಿಂದ ದೂರದ ಊರುಗಳವರೆಗೆ ಒಯ್ದರು. ದರೋಜಿ ಈರಮ್ಮನವರು ಬುರ್ರಕಥೆಯಲ್ಲಿ ರಾತ್ರಿಯಿಡೀ ಕಥೆ ಹಾಡಿದವರು. ಗೊಂಬೆಯಾಟದಲ್ಲಿ ಹಾಡುವವನ ಉಸಿರಿಗೂ ಗೊಂಬೆಯ ಕೈಗೂ ಇರುವ ಹೊಂದಾಣಿಕೆಯನ್ನು ಒಮ್ಮೆ ಕೂತು ನೋಡಿದವರಿಗೆ ಸಂಕಲನದ ಪಾಠ ಬೇರೆ ಬೇಕಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಹಾಗೆಂದು ಹೊರಗಿನದನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಜರ್ಮನಿಯ ಲೋಟೆ ರೈನಿಗರ್ ಎಂಬ ಕಲಾವಿದೆ ಕಪ್ಪು ರಟ್ಟನ್ನು ಕತ್ತರಿಸಿ, ಹಿಂದಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಅದನ್ನು ಚೂರುಚೂರೇ ಸರಿಸುತ್ತ ಚಿತ್ರ ತೆಗೆದು, 1926ರಲ್ಲಿ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ಎಂಬ ಪೂರ್ಣಾವಧಿ ಚಿತ್ರವನ್ನು ತೆರೆಗೆ ತಂದರು. ಇಂದಿಗೆ ಉಳಿದಿರುವ ಪೂರ್ಣಾವಧಿ ಆ್ಯನಿಮೇಷನ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಅದನ್ನೂ ನೋಡಿ, ನಮ್ಮ ಗೊಂಬೆಯಾಟವನ್ನೂ ನೋಡಿ. ಗುಳೆ ಹೊರಟ ಕುಟುಂಬವನ್ನು ಪಂಚೆಯ ಪರದೆಯ ಹಿಂದೆ ನೆರಳಾಗಿ ತೋರಿಸಿದರೆ, ನಟನೆ ಬಾರದ ಹುಡುಗರ ಮುಖಭಾವದ ತೊಂದರೆಯೂ ತಪ್ಪುತ್ತದೆ. ಒಂದೇ ಎಚ್ಚರಿಕೆಯೆಂದರೆ, ಬೆಳಕಿನ ಮೂಲ ಚಿಕ್ಕದಾಗಿ, ಒಂದೇ ಆಗಿರಬೇಕು. ಎರಡು ಬಲ್ಬು ಹಚ್ಚಿದರೆ ನೆರಳೂ ಎರಡಾಗುತ್ತದೆ.

ಹಿರೇಹಳ್ಳ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದ ಎರಡೂ ವಿಡಿಯೊಗಳನ್ನು ತಂಡವೆಲ್ಲ ಕೂಡಿ ನೋಡಿದೆವು. ‘ಸ್ಟಾರ್ ಗಿಟಾರ್’ ನಮ್ಮನ್ನು ಹಿಡಿದು ಕೂರಿಸಿತು, ಏಕೆಂದರೆ ನಮ್ಮ ಹಾಡಿನಲ್ಲಿಯೂ ಒಂದು ಪ್ರಯಾಣವಿದೆ. ರೈಲಿನ ಬದಲು ಬಸ್ಸು, ಅಷ್ಟೇ. ಗಂಗಾವತಿಯ ದಾರಿಯಲ್ಲಿ ಕಿಟಕಿಯಿಂದ ಕಾಣುವ ಭತ್ತದ ಗದ್ದೆ, ಕಾಲುವೆಯ ಸೇತುವೆ, ವಿದ್ಯುತ್ ಕಂಬಗಳನ್ನು ಡೊಳ್ಳಿನ ಪೆಟ್ಟಿಗೆ ಹೊಂದಿಸಬಹುದಲ್ಲವೇ?

ತಂಡದಲ್ಲಿ ಇನ್ನೊಂದು ಅಭಿಪ್ರಾಯವೂ ಇದೆ. ಗೊಂದ್ರಿಯವರೇ 2002ರಲ್ಲಿ ವೈಟ್ ಸ್ಟ್ರೈಪ್ಸ್ ತಂಡದ ಹಾಡೊಂದನ್ನು ಮಕ್ಕಳ ಲೆಗೊ ಇಟ್ಟಿಗೆಗಳಿಂದ ಮಾಡಿದ್ದನ್ನು ನೋಡಿದ ಗೆಳತಿಯೊಬ್ಬಳು, ನಾವು ಕಿನ್ನಾಳದ ಮರದ ಗೊಂಬೆಗಳನ್ನು ಹಾಗೆಯೇ ನಡೆಸಬಹುದೆಂದು ಹೇಳುತ್ತಿದ್ದಾಳೆ. ಕಿನ್ನಾಳ ನಮಗೆ ಹತ್ತಿರದ ಊರು, ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಏನು ಹೇಳುತ್ತೀರಿ?

ಏಕಶಿಲೆ ಉತ್ತರಿಸಿದ್ದು:

ಕಿನ್ನಾಳದ ಗೊಂಬೆ ಬೇಡ. ಸೆಕೆಂಡಿಗೆ 12 ಚಿತ್ರ ತೆಗೆದರೂ 250 ಸೆಕೆಂಡಿನ ಹಾಡಿಗೆ 3,000 ಚಿತ್ರಗಳಾಗುತ್ತವೆ ಎಂಬ ಶ್ರಮದ ಮಾತು ಒಂದು ಕಡೆ ಇರಲಿ; ಗುಳೆಯ ಹಾಡಿನೊಳಗೆ ಆ ಗೊಂಬೆಗಳು ಏಕೆ ಬಂದವು ಎಂಬ ಪ್ರಶ್ನೆಗೆ ‘ಅವು ನಮ್ಮ ಜಿಲ್ಲೆಯವು’ ಎನ್ನುವುದರ ಹೊರತು ಉತ್ತರವಿಲ್ಲ. ಹಾಗಾದಾಗ ಅವು ಡ್ರೋನಿನ ಅಂಜನಾದ್ರಿಯ ಸಾಲಿಗೇ ಸೇರುತ್ತವೆ. ಕಿನ್ನಾಳದ ಕಲೆಗಾರರ ಮೇಲೆಯೇ ಒಂದು ಹಾಡು ಬರೆದ ದಿನ ಆ ಉಪಾಯವನ್ನು ಹೊರತೆಗೆಯಿರಿ.

ಬಸ್ಸಿನ ಕಿಟಕಿ ಒಳ್ಳೆಯದು. ಅಲ್ಲಿ ನಿಯಮ ಹಾಡಿನ ವಸ್ತುವಿನಿಂದಲೇ ಹುಟ್ಟುತ್ತದೆ.

ಮಸ್ಕಿ ನಾಲಾ (ಮಸ್ಕಿ) ಬರೆದದ್ದು:

ನನಗೆ ಕ್ಯಾಮೆರಾ, ಫ್ರೇಮು ಇವೆಲ್ಲ ತಿಳಿಯುವುದಿಲ್ಲ. ಆದರೆ ಗುಳೆ ತಿಳಿದಿದೆ. ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗತೊಡಗಿದರು. ಅಜ್ಜಿಯ ಹತ್ತಿರ ನನ್ನನ್ನು ಬಿಟ್ಟು ಹೋದ ವರ್ಷಗಳೂ ಇವೆ, ಜೊತೆಗೆ ಕರೆದೊಯ್ದ ವರ್ಷಗಳೂ ಇವೆ. ಆದ್ದರಿಂದ ತಂಗಿ, ನಿನ್ನ ಹಾಡಿನ ವಿಡಿಯೊ ನೋಡುವವರಲ್ಲಿ ನನ್ನಂಥವರು ಇರುತ್ತಾರೆ ಎಂಬುದನ್ನು ನೆನಪಿಟ್ಟುಕೋ.

ಗುಳೆಯ ಬಗ್ಗೆ ಬಂದ ವಿಡಿಯೊಗಳಲ್ಲಿ ಹೆಂಗಸು ಬಾಗಿಲಿಗೆ ಒರಗಿ ಅಳುತ್ತಾಳೆ, ಬಿರುಕು ಬಿಟ್ಟ ನೆಲ ಕಾಣುತ್ತದೆ, ಮುದುಕನೊಬ್ಬ ಆಕಾಶ ನೋಡುತ್ತಾನೆ. ಹೊರಡುವ ದಿನ ನಮ್ಮ ಮನೆಯಲ್ಲಿ ಅಳುವುದಕ್ಕೆ ಪುರಸೊತ್ತೇ ಇರುತ್ತಿರಲಿಲ್ಲ. ಜೋಳದ ಚೀಲ ಹೊಲಿಯಬೇಕು, ರೊಟ್ಟಿ ಬಡಿದು ಒಣಗಿಸಿ ಗಂಟು ಕಟ್ಟಬೇಕು, ಎಮ್ಮೆಯನ್ನು ದಾಯಾದಿಗಳ ಮನೆಗೆ ಒಪ್ಪಿಸಬೇಕು, ಮೇಸ್ತ್ರಿ ಕೊಟ್ಟ ಮುಂಗಡದಲ್ಲಿ ಅಂಗಡಿಯ ಉದ್ದರಿ ತೀರಿಸಬೇಕು, ಬೀಗದ ಕೈ ಯಾರ ಬಳಿ ಇರಬೇಕೆಂದು ಜಗಳವಾಡಬೇಕು. ನಗುವೂ ಇರುತ್ತಿತ್ತು, ಮಕ್ಕಳಿಗೆ ಬಸ್ಸು ಹತ್ತುವ ಸಂಭ್ರಮ.

ಇನ್ನೊಂದು ಮಾತು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಹೊರಡುವುದು ಸಂಜೆಗೆ ಅಥವಾ ರಾತ್ರಿಗೆ. ಮುಂಜಾನೆ ಇಳಿದರೆ ಅಂದಿನಿಂದಲೇ ಕೆಲಸಕ್ಕೆ ನಿಲ್ಲಬಹುದು ಎಂಬುದು ಲೆಕ್ಕ. ಕೆಲವರು ಕ್ರೂಸರ್ ಗಾಡಿ ಮಾಡಿಕೊಂಡು ಹೋಗುತ್ತಾರೆ, ಅದೂ ರಾತ್ರಿಯೇ. ಹಾಗಾಗಿ ಕಿಟಕಿಯಿಂದ ನೀವು ಹೇಳುವ ಗದ್ದೆ, ಕಾಲುವೆ ಯಾವುದೂ ಕಾಣುವುದಿಲ್ಲ. ಕಪ್ಪು ಗಾಜಿನಲ್ಲಿ ಕಾಣುವುದು ನಮ್ಮ ಮುಖವೇ, ಆಗಾಗ ಒಂದು ಪೆಟ್ರೋಲ್ ಬಂಕಿನ ಬೆಳಕು. ಮೇಲಾಗಿ ಭತ್ತದ ಗದ್ದೆ ಇರುವ ಊರಿನವರು ಗುಳೆ ಹೋಗುವುದು ಕಡಿಮೆ. ಕಾಲುವೆ ತಲುಪದ ಊರಿನವರು ಹೋಗುತ್ತಾರೆ. ಗಂಗಾವತಿಯ ಹಸಿರು ತೋರಿಸಿ ಕುಷ್ಟಗಿಯ ಗುಳೆ ಎಂದರೆ ನಮ್ಮ ಕಡೆಯ ಮಗು ಕೂಡ ನಂಬುವುದಿಲ್ಲ.

ಹಿರೇಹಳ್ಳ ಬರೆದದ್ದು:

ಅಕ್ಕಾ, ನಿಮ್ಮ ಬರಹ ಓದಿದ ಮೇಲೆ ತಂಡದಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಹಾಡು ಬರೆದ ಗೆಳೆಯನ ಮನೆಯವರೂ ಗುಳೆ ಹೋದವರೇ. ಬಸ್ಸು ರಾತ್ರಿಯದು ಎಂಬ ಮಾತನ್ನು ಅವನು ಕೂಡಲೇ ಒಪ್ಪಿದ. ಬೀಗದ ಕೈ ಯಾರ ಬಳಿ ಇರಬೇಕು ಎಂಬ ಜಗಳವನ್ನು ವಿಡಿಯೊದಲ್ಲಿ ಬಳಸಿಕೊಳ್ಳಲು ನಿಮ್ಮ ಅನುಮತಿ ಬೇಕು. ರಾತ್ರಿಯ ಕಿಟಕಿ ಮತ್ತು ಹೊರಡುವ ದಿನದ ಗಡಿಬಿಡಿ, ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಇನ್ನು ಯಾವ ಚಿತ್ರಗಳನ್ನು ನೋಡಬೇಕು?

ಏಕಶಿಲೆ ಉತ್ತರಿಸಿದ್ದು:

ಮಸ್ಕಿಯ ತಂಗಿ ಬರೆದದ್ದರ ಮುಂದೆ ನಾನು ಹೇಳಿದ ವಿಡಿಯೊಗಳು ಹಿಂದಿನ ಸಾಲಿಗೆ ಸರಿದವು. ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುವ ಚಿತ್ರೇತಿಹಾಸದ ಪ್ರಸಂಗವೊಂದಿದೆ. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಮುಂಬಯಿಯಲ್ಲಿ ಆರಂಭವಾದಾಗ, ಬಿಮಲ್ ರಾಯ್ ಅಲ್ಲಿ ಇಟಲಿಯ ವಿತ್ತೋರಿಯೊ ದೆ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಿದರು. ಮರುವರ್ಷವೇ, ಅಂದರೆ 1953ರಲ್ಲಿ, ಅವರ ‘ದೋ ಬೀಘಾ ಜಮೀನ್’ ಬಂತು. ದೆ ಸಿಕಾ ಚಿತ್ರದಲ್ಲಿ ಕೆಲಸಕ್ಕೆ ಬೇಕಾದ ಸೈಕಲ್ ಕಳೆದುಕೊಂಡು ರೋಮ್ ನಗರದಲ್ಲಿ ಮಗನೊಡನೆ ಅಲೆಯುವ ತಂದೆ ಇದ್ದಾನೆ. ಬಿಮಲ್ ರಾಯ್ ಚಿತ್ರದಲ್ಲಿ ಸಾಲದಿಂದ ಹೊಲ ಉಳಿಸಿಕೊಳ್ಳಲು ಕೋಲ್ಕತ್ತಕ್ಕೆ ಹೋಗಿ ಕೈರಿಕ್ಷಾ ಎಳೆಯುವ ರೈತನಿದ್ದಾನೆ. ಸೈಕಲ್ ಹೋಯಿತು, ರೋಮ್ ಹೋಯಿತು. ಬೀದಿಯಲ್ಲಿ ಚಿತ್ರೀಕರಿಸುವ ಧೈರ್ಯ, ಬಡವನ ದುಡಿಮೆಯ ವಸ್ತುವನ್ನೇ ಕಥೆಯ ನಡುವೆ ನಿಲ್ಲಿಸುವ ಕ್ರಮ ಉಳಿಯಿತು. ಊರು ಬಿಟ್ಟು ದುಡಿಯಹೋದವನ ಕಥೆಯಾದ್ದರಿಂದ ನಿಮ್ಮ ವಸ್ತುವಿಗೂ ಅದು ನೇರವಾಗಿ ಸಂಬಂಧಿಸಿದೆ. ತಪ್ಪದೆ ನೋಡಿ.

ಕ್ರಿಸ್ ಮಾರ್ಕರ್ ಅವರ ‘ಲಾ ಜೆತೆ’ (1962) ಇನ್ನೊಂದು. ಅರ್ಧ ಗಂಟೆಯೊಳಗಿನ ಚಿತ್ರ, ಬಹುತೇಕ ಪೂರ್ತಿಯಾಗಿ ಸ್ಥಿರಛಾಯಾಚಿತ್ರಗಳಿಂದಲೇ ಕಟ್ಟಿದ್ದು. ಚಿತ್ರ ಅಲುಗಾಡದಿದ್ದರೂ ಕಥೆ ಮುಂದುವರಿಯುತ್ತದೆ ಎಂಬುದನ್ನು ಅಲ್ಲಿ ಕಾಣಬಹುದು. ಹೊರಡುವ ದಿನದ ವಸ್ತುಗಳಾದ ಚೀಲ, ರೊಟ್ಟಿಯ ಗಂಟು, ಉದ್ದರಿ ಪುಸ್ತಕ, ಬೀಗ ಇವನ್ನು ಒಂದೊಂದೇ ಸ್ಥಿರಚಿತ್ರವಾಗಿ ತೆಗೆದು, ಡೊಳ್ಳು ಏರುವಲ್ಲಿ ಪೆಟ್ಟಿಗೊಂದರಂತೆ ಹಾಕಿ ನೋಡಬಹುದು. ಎರಡೇ ಮೊಬೈಲ್ ಇರುವ ತಂಡಕ್ಕೆ ಇದು ಕೈಗೆಟುಕುವ ಕೆಲಸ.

ಎಡದಂಡೆ ಬರೆದದ್ದು:

ವಸ್ತುಗಳು ಪೆಟ್ಟಿಗೊಂದರಂತೆ ಬರುವುದು ನನಗೂ ಹಿಡಿಸಿತು. ಆದರೆ ಅದು ಹಾಡಿನುದ್ದಕ್ಕೂ ಬಂದರೆ ಬೇಸರವಾಗುತ್ತದೆ. ಪೆಟ್ಟಿಗೊಂದು ಕಟ್ ಎಂದರೆ 4 ನಿಮಿಷ 10 ಸೆಕೆಂಡಿಗೆ ನಾನೂರಕ್ಕೂ ಹೆಚ್ಚು ಕಟ್ಟುಗಳು. ಪಲ್ಲವಿ ತಿರುಗಿ ಬಂದಾಗ ಮಾತ್ರ ಹಾಕಿ.

ಮನೆಯೊಳಗಿನ ಬೆಳಕಿನ ಬಗ್ಗೆ ಒಂದು ಮಾತು. 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ, ಕತ್ತಲೆಯ ಸ್ಟುಡಿಯೊದೊಳಗೆ ಮೇಲಿನಿಂದ ಒಂದು ದಪ್ಪ ಬೆಳಕಿನ ಕಂಬ ಇಳಿಯುವ ‘ವಕ್ತ್ ನೇ ಕಿಯಾ’ ಹಾಡು ಇದೆ. ಅದನ್ನು ಚಿತ್ರಿಸಿದವರು ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಆ ಬೆಳಕಿಗೆ ಅವರು ನೆಚ್ಚಿದ್ದು ದೊಡ್ಡ ದೀಪವನ್ನಲ್ಲ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ನಮ್ಮ ಭಾಗದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಏರ್ಪಾಡು ಮೊದಲಿನಿಂದಲೂ ಇದೆ. ಮಧ್ಯಾಹ್ನದ ಹೊತ್ತಿಗೆ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಅಡುಗೆಮನೆಯ ಕತ್ತಲೆಯಲ್ಲಿ ನೇರ ಕಂಬದಂತೆ ನಿಲ್ಲುತ್ತದೆ. ಒಲೆಯ ಹೊಗೆ ಚೂರು ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಕು ಬೇರೆ ಕಡೆ ಬೀಳುತ್ತಿದ್ದರೆ, ಕಟಿಂಗ್ ಅಂಗಡಿಯ ಹಳೆಯ ಕನ್ನಡಿಯೊಂದನ್ನು ನೆಲದ ಮೇಲಿಟ್ಟು ರೊಟ್ಟಿ ಬಡಿಯುವ ಕೈಗಳ ಮೇಲೆ ತಿರುಗಿಸಿ. ಮೊಬೈಲ್ ತಾನಾಗಿಯೇ ಬೆಳಕು ಹೆಚ್ಚಿಸಿ ಕತ್ತಲೆಯನ್ನು ಬೂದಿಬಣ್ಣ ಮಾಡದಂತೆ, ಎಕ್ಸ್‌ಪೋಷರನ್ನು ಆ ಬಿಸಿಲಿನ ಮೇಲೆ ಲಾಕ್ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದರಿಂದ ಮೊಬೈಲ್ ಕಾದು ತಾನೇ ನಿಂತುಬಿಡುತ್ತದೆ. ಶಾಟಿನ ನಡುವೆ ಅದನ್ನು ನೆರಳಿನಲ್ಲಿಡಿ.

ದೋಆಬ್ (ರಾಯಚೂರು) ಬರೆದದ್ದು:

ನಾನು ವಕೀಲಿ ವೃತ್ತಿಯವನಾದ್ದರಿಂದ, ಯಾರೂ ಎತ್ತದ ಒಂದು ಪ್ರಶ್ನೆಯನ್ನು ಎತ್ತುತ್ತೇನೆ. ‘ಸ್ಟಾರ್ ಗಿಟಾರ್’ ನೋಡಿ ಬಸ್ಸಿನ ಕಿಟಕಿಯ ವಿಡಿಯೊ ಮಾಡಿದರೆ ಅದು ಕೃತಿಚೌರ್ಯವಾಗುತ್ತದೆಯೇ? ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1978ರ ಆರ್. ಜಿ. ಆನಂದ್ ಪ್ರಕರಣದ ತೀರ್ಪು ಇಂದಿಗೂ ದಾರಿದೀಪವಾಗಿದೆ. ತಮ್ಮ ನಾಟಕವನ್ನು 1956ರ ‘ನ್ಯೂ ಡೆಲ್ಲಿ’ ಚಿತ್ರದವರು ಕದ್ದಿದ್ದಾರೆಂದು ನಾಟಕಕಾರರು ದಾವೆ ಹೂಡಿದ್ದರು. ವಿಚಾರ, ವಸ್ತು, ಕಥೆಯ ಹಂದರಗಳಿಗೆ ಕೃತಿಸ್ವಾಮ್ಯವಿಲ್ಲ, ಅವುಗಳನ್ನು ಮಂಡಿಸಿದ ರೀತಿಗೆ ಮಾತ್ರ ಇದೆ ಎಂದು ನ್ಯಾಯಾಲಯ ಹೇಳಿತು. ಎರಡನ್ನೂ ನೋಡಿದ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂಬ ಭಾವನೆ ಸ್ಪಷ್ಟವಾಗಿ ಮೂಡುತ್ತದೆಯೇ ಎಂಬುದನ್ನು ಒರೆಗಲ್ಲಾಗಿಟ್ಟು, ನಾಟಕಕಾರರ ವಾದವನ್ನು ತಳ್ಳಿಹಾಕಿತು. ಆದ್ದರಿಂದ ಕಿಟಕಿಯ ನೋಟ ತಾಳಕ್ಕೆ ಹೊಂದಬೇಕೆಂಬ ವಿಚಾರ ಯಾರೊಬ್ಬರ ಸ್ವತ್ತೂ ಅಲ್ಲ.

ಆದರೆ ಚಲನೆಯನ್ನು ಹಾಗೆಯೇ ಎತ್ತಿಕೊಂಡರೆ ಮಾತು ಬೇರೆ. 2011ರಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆಯ ‘ಕೌಂಟ್‌ಡೌನ್’ ವಿಡಿಯೊ ಬಂದಾಗ, ಬೆಲ್ಜಿಯಂನ ನೃತ್ಯ ಸಂಯೋಜಕಿ ಅನ್ನಾ ತೆರೇಸಾ ದೆ ಕೀರ್ಸ್‌ಮಾಕರ್ ತಮ್ಮ 1983ರ ಕೃತಿಯ ಚಲನೆಗಳು ಅದರಲ್ಲಿವೆಯೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಕುತೂಹಲದ ಸಂಗತಿಯೆಂದರೆ, 2013ರಲ್ಲಿ ಅವರೇ ಆ ನೃತ್ಯದ ಹೆಜ್ಜೆಗಳನ್ನು ಜಾಲದಲ್ಲಿ ಕಲಿಸಿಕೊಟ್ಟು, ಯಾರು ಬೇಕಾದರೂ ತಮ್ಮದೇ ರೀತಿಯಲ್ಲಿ ಅದನ್ನು ಮಾಡಿ ಕಳುಹಿಸಬಹುದೆಂದು ಕರೆ ಕೊಟ್ಟರು. ಹೆಸರು ಹೇಳಿ, ಕೇಳಿ ತೆಗೆದುಕೊಳ್ಳುವುದಕ್ಕೂ ಹೇಳದೆ ತೆಗೆದುಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿದೆ. ಕಾಲೇಜಿಗೆ ಒಪ್ಪಿಸುವ ವರದಿಯಲ್ಲಿ ನೀವು ನೋಡಿದ ಕೃತಿಗಳ ಹೆಸರನ್ನು ಬರೆಯಿರಿ.

ಹಾಡು ನಿಮ್ಮದೇ ಆದ್ದರಿಂದ ತೊಂದರೆಯಿಲ್ಲ. ಆದರೂ ಮೇಳದವರಿಂದ, ಹಾರ್ಮೋನಿಯಂ ನುಡಿಸಿದವರಿಂದ ಒಂದು ಒಪ್ಪಿಗೆ ಪತ್ರವಿರಲಿ. ನಮ್ಮ ಮಾನ್ವಿಯ ಜಗನ್ನಾಥದಾಸರ ಕೀರ್ತನೆಯನ್ನೇ ತೆಗೆದುಕೊಂಡರೂ ಸಾಹಿತ್ಯ ಎಲ್ಲರದು, ಆದರೆ ಇಂದಿನ ಗಾಯಕರೊಬ್ಬರ ಧ್ವನಿಮುದ್ರಣ ಅವರ ಅಥವಾ ಕಂಪನಿಯ ಹಕ್ಕಿನದು ಎಂಬುದನ್ನು ಹುಡುಗರು ಮರೆಯುತ್ತಾರೆ. ಕೋಟೆ, ಗುಡಿಗಳಂಥ ರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಬೀಗ ಹಾಕಿದ ಮನೆಗಳನ್ನು ತೋರಿಸುವಿರಾದರೆ ಇನ್ನಷ್ಟು ಎಚ್ಚರ ಬೇಕು. ಇಂಥ ಊರಿನ ಇಂಥ ಓಣಿಯಲ್ಲಿ ಯಾರೂ ಇಲ್ಲವೆಂದು ಗುರುತಿನ ಸಮೇತ ಸಾರುವ ವಿಡಿಯೊ ಕಳ್ಳರಿಗೆ ಕೊಟ್ಟ ಕರೆಯಾದೀತು.

ಮಸ್ಕಿ ನಾಲಾ ಬರೆದದ್ದು:

ಬೀಗದ ಕೈಯ ಜಗಳವನ್ನು ಧಾರಾಳವಾಗಿ ಬಳಸಿಕೋ ತಂಗಿ, ಅದು ಎಲ್ಲರ ಮನೆಯದೂ ಹೌದು. ವಕೀಲರು ಕಳ್ಳರ ಮಾತು ಹೇಳಿದ್ದು ಒಳ್ಳೆಯದಾಯಿತು. ನಿಜವಾದ ಬಾಗಿಲುಗಳನ್ನು ತೋರಿಸಬೇಡ. ನಿಮ್ಮದೇ ಮನೆಯ ಬಾಗಿಲಿಗೆ ಬೀಗ ಹಾಕಿ ತೆಗೆದರೆ ಸಾಲದೇ? ಹಾಗೆಯೇ ಬಸ್‌ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಕೂತವರ ಮುಖಕ್ಕೆ ಹೇಳದೆ ಕೇಳದೆ ಮೊಬೈಲ್ ಹಿಡಿಯಬಾರದು.

ತೊಗಲುಗೊಂಬೆ ಬರೆದದ್ದು:

ರಾತ್ರಿಯ ಗಾಜಿನಲ್ಲಿ ತನ್ನ ಮುಖವೇ ಕಾಣುತ್ತದೆ ಎಂದ ಮೇಲೆ ನನ್ನ ನೆರಳಿನ ಪರದೆಯ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪರದೆ ಆಗಲೇ ಬಸ್ಸಿನಲ್ಲಿದೆ.

ಹಿರೇಹಳ್ಳ ಬರೆದದ್ದು:

ನಮ್ಮ ಯೋಜನೆ ಈಗ ಹೀಗಿದೆ. ಚರಣಗಳಲ್ಲಿ ರಾತ್ರಿಯ ಬಸ್ಸಿನ ಕಿಟಕಿ ಮಾತ್ರ ಇರುತ್ತದೆ: ಗಾಜಿನಲ್ಲಿ ಹುಡುಗಿಯ ಮುಖ, ಅದರ ಮೇಲೆ ಹಾದುಹೋಗುವ ಬೀದಿದೀಪ, ಬಂಕು, ಢಾಬಾಗಳ ಬೆಳಕು. ಆ ಬೆಳಕುಗಳು ಡೊಳ್ಳಿನ ಪೆಟ್ಟಿಗೆ ಬೀಳಬೇಕು. ಪಲ್ಲವಿ ಬಂದಾಗಲೆಲ್ಲ ಹೊರಟ ದಿನದ ವಸ್ತುಗಳ ಸ್ಥಿರಚಿತ್ರಗಳು, ಮಾಳಿಗೆ ಮನೆಯ ಬೆಳಕಿಂಡಿಯ ಬಿಸಿಲಿನಲ್ಲಿ ತೆಗೆದವು. ನಡುವಿನ ಡೊಳ್ಳಿನ ಭಾಗದಲ್ಲಿ ಬೀಗದ ಕೈಯ ಜಗಳ, ಮಾತಿಲ್ಲದೆ, ಕೈಗಳನ್ನು ಮಾತ್ರ ತೋರಿಸಿ. ಅಳುವ ಮುಖ ಎಲ್ಲಿಯೂ ಇರುವುದಿಲ್ಲ, ಡ್ರೋನೂ ಇರುವುದಿಲ್ಲ.

ಉಳಿದ ಪ್ರಶ್ನೆ ಒಂದೇ. ಕಂಪ್ಯೂಟರಿನಲ್ಲಿ ವಸ್ತುಗಳನ್ನು ಜೋಡಿಸುವ ವಿದ್ಯೆ ನಮಗೆ ಬರುವುದಿಲ್ಲ. ಬೆಳಕುಗಳನ್ನು ಪೆಟ್ಟಿಗೆ ಹೊಂದಿಸುವುದು ಹೇಗೆ?

ಎಡದಂಡೆ ಉತ್ತರಿಸಿದ್ದು:

ಲೆಕ್ಕ ಸರಳವಾಗಿದೆ. ಬೀದಿದೀಪದ ಕಂಬಗಳ ನಡುವೆ 50 ಮೀಟರ್ ಇದ್ದು ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿದರೆ, ಕಂಬದಿಂದ ಕಂಬಕ್ಕೆ 3 ಸೆಕೆಂಡ್, ಅಂದರೆ ನಿಮ್ಮ ಹಾಡಿನ 5 ಪೆಟ್ಟು. ನಿಮಗೆ ಬೇಕಾದದ್ದು 4 ಪೆಟ್ಟು, ಅಂದರೆ 2.4 ಸೆಕೆಂಡ್. ಆ ತುಣುಕಿನ ವೇಗವನ್ನು 1.25 ಪಟ್ಟು ಮಾಡಿದರೆ ಕಂಬಗಳು ತಾಳಕ್ಕೆ ಬಂದು ನಿಲ್ಲುತ್ತವೆ. ಬಸ್ಸಿನ ವೇಗ ಒಂದೇ ಸಮನೆ ಇರುವುದಿಲ್ಲವಾದ್ದರಿಂದ ತುಣುಕುಗಳನ್ನು ಚಿಕ್ಕದಾಗಿ ಕತ್ತರಿಸಿ, ಒಂದೊಂದಕ್ಕೂ ಬೇರೆ ವೇಗ ಕೊಡಬೇಕಾಗುತ್ತದೆ. ಬೆಳಕುಗಳ ನಡುವಿನ ಕತ್ತಲೆಯಲ್ಲಿ ಕತ್ತರಿಸಿದರೆ ಕಟ್ ಯಾರಿಗೂ ಕಾಣುವುದಿಲ್ಲ. ಹಗಲಿನ ಗದ್ದೆಯನ್ನು ಚಿತ್ರಿಸಿದ್ದರೆ ಈ ಅನುಕೂಲ ಸಿಗುತ್ತಿರಲಿಲ್ಲ. ಹುಡುಗಿ ಕಣ್ಣು ಮಿಟುಕಿಸುವುದು ವೇಗ ಹೆಚ್ಚಿಸಿದಾಗ ಅಸಹಜವಾಗಿ ಕಂಡೀತು; ಆಕೆ ಆದಷ್ಟು ನಿಶ್ಚಲವಾಗಿ ಕೂರಲಿ.

ರಸ್ತೆಬದಿಯ ಕಂಬ, ಅಂಗಡಿಗಳ ಬೆಳಕು ಬೇಕೆಂದರೆ ಬಸ್ಸಿನ ಎಡಗಡೆಯ ಕಿಟಕಿಯಲ್ಲಿ ಕೂರಿ. ಬಲಗಡೆ ಕೂತರೆ ಎದುರಿನಿಂದ ಬರುವ ಲಾರಿಗಳ ಹೆಡ್‌ಲೈಟ್ ಬೀಳುತ್ತದೆ, ಅದನ್ನು ಯಾವ ಲೆಕ್ಕಕ್ಕೂ ಹಿಡಿಯಲಾಗದು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಚಿತ್ರೀಕರಿಸಲು ಡಿಪೊ ವ್ಯವಸ್ಥಾಪಕರಿಗೆ ಕಾಲೇಜಿನ ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ, ಟಿಕೆಟ್ ತೆಗೆಸಿ, ಕಂಡಕ್ಟರಿಗೂ ಮೊದಲೇ ತಿಳಿಸಿ. ಹೊರಡುವ ಮುನ್ನ ಗಾಜಿನ ಹೊರಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ, ಧೂಳಿದ್ದರೆ ಪ್ರತಿಬಿಂಬ ಮಸುಕಾಗುತ್ತದೆ. ಮುಖ ಗಾಜಿನಲ್ಲಿ ಕಾಣಲು ಇನ್ನೊಂದು ಮೊಬೈಲಿನ ಪರದೆಯ ಬೆಳಕನ್ನು ಬಿಳಿ ಕರವಸ್ತ್ರಕ್ಕೆ ಬಡಿಸಿ ಹುಡುಗಿಯ ಮಡಿಲಿನಿಂದ ಮೇಲಕ್ಕೆ ಬರುವಂತೆ ಹಿಡಿದರೆ ಸಾಕು. ಕೈಯನ್ನಾಗಲಿ ಮೊಬೈಲನ್ನಾಗಲಿ ಕಿಟಕಿಯ ಆಚೆ ಚಾಚಬೇಡಿ. ಕುಷ್ಟಗಿಯಿಂದ ಬೆಂಗಳೂರಿನ ದಾರಿಯಲ್ಲಿ ಹೊಸಪೇಟೆಯವರೆಗೆ ಹೋಗಿ ಇಳಿದು, ಇನ್ನೊಂದು ಬಸ್ಸಿನಲ್ಲಿ ವಾಪಸ್ ಬಂದರೆ ನಿಮಗೆ ಬೇಕಾದಷ್ಟು ಬೆಳಕು ಸಿಕ್ಕಿರುತ್ತದೆ. ಊರು ಬಂದಲ್ಲೆಲ್ಲ ರೆಕಾರ್ಡಿಂಗ್ ಚಾಲೂ ಇರಲಿ, ಬಯಲಿನಲ್ಲಿ ನಿಲ್ಲಿಸಿ ಬ್ಯಾಟರಿ ಉಳಿಸಿ.